ಬೇಲಿಯಂಚಿನ ಗೋಸಂಪಿಗೆ

ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ನಮ್ಮ ಮನೆಗೆ ಅಂಗಳವೆಂದರೆ ಕಾರು ನಿಲ್ಲಿಸಿ ಉಳಿದ ಒಂದು ಪಟ್ಟಿ ಮಣ್ಣು. ಅಲ್ಲಿ ಬೇಲಿಗೆ ತಾಗಿ ಗೋಸಂಪಿಗೆಯ ಕೊಂಬೆಯೊಂದನ್ನು ನೆಟ್ಟೆ. ಉಡುಪಿಯಲ್ಲಿ ದಿನಾ ಪೂಜೆಗೆ ಅದನ್ನೇ ಕೊಯ್ದು ಬೆಳೆದವಳು ನಾನು. ಆ ಹೂವಿಲ್ಲದ ಅಂಗಳ ನನಗೆ ಅಂಗಳವೇ ಅಲ್ಲ. ಗಿಡ ಕೊಬ್ಬಿ ಬೆಳೆದು ಪಕ್ಕದ ಮನೆಯತ್ತ ಬಾಗಿತು. ಅತ್ತಲಿನ ಕಿಟಕಿ ಮುಚ್ಚಿಕೊಂಡಿತು. ಬಿಸಿಲಿಗಿರಬೇಕು ಎಂದುಕೊಂಡೆ.

ಆ ಕೋಣೆಯಲ್ಲಿ ಪಕ್ಕದ ಮನೆಯ ಯಜಮಾನರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಮಲಯ್ ದಂಪತಿ. ಹೆಂಡತಿಯನ್ನು ನಾನು ಇಲ್ಲಿಯವರಂತೆ 'ಕಾಕ್' ಎನ್ನುತ್ತಿದ್ದೆ, ಅಂದರೆ ಅಕ್ಕ. ಶಾಲೆಯಲ್ಲಿ ಪಾಠ ಹೇಳುವ ನನ್ನನ್ನು ಅವರಿಬ್ಬರೂ 'ಟೀಚರ್' ಎನ್ನುತ್ತಿದ್ದರು. ಮೊದಲ ಹೂಗಳನ್ನು ದೇವರಿಗೆ ಏರಿಸಿ, ಉಳಿದವನ್ನು ರೋಗಿಯ ತಲೆದೆಸೆಯಲ್ಲಿಡಲು ತಟ್ಟೆಯಲ್ಲಿ ಒಯ್ದೆ. ಕಾಕ್ ಬಿಳಿಚಿಕೊಂಡು ಬಾಗಿಲಲ್ಲೇ ತಡೆದರು.

"ಟೀಚರ್, ಈ ಮರ ನಾವು ಗೋರಿ ಹತ್ರ ನೆಡೋದು. ಅವ್ರು ಇನ್ನೂ ಇದ್ದಾರೆ."

ತಟ್ಟೆಯನ್ನು ಹಿಂದಕ್ಕೆಳೆದುಕೊಂಡು ಮನೆಗೆ ಮರಳಿದೆ. ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು. ಕಿಟಕಿ ಮುಚ್ಚಿಕೊಂಡು ಕೂರುವ ಬದಲು ಮೊದಲೇ ಒಂದು ಮಾತು ಹೇಳಬಾರದಿತ್ತೇ!

ಮರುದಿನ ಬೆಳಿಗ್ಗೆ ಗಿಡ ಕಡಿಯಲು ಕತ್ತಿ ಹಿಡಿದು ನಿಂತಿದ್ದೆ. ಕಿಟಕಿ ತೆರೆಯಿತು. ಯಜಮಾನರು ದಿಂಬಿಗೊರಗಿ ಕೂತಿದ್ದರು.

"ಕಡೀಬೇಡಿ ಟೀಚರ್. ಈ ರೂಮಲ್ಲಿ ಬರೀ ಔಷಧಿ ವಾಸನೆ. ಹೂವಿನ ಘಮ ಬರ್ಲಿ."

ಒಳಗಿನಿಂದ ಕಾಕ್ ಗದರಿದರು; ಅವರು ನಕ್ಕರು. ಅಂದಿನಿಂದ ಕಿಟಕಿ ತೆರೆದಿತ್ತು, ಕಾಕ್ ನನ್ನೊಡನೆ ಮಾತು ಬಿಟ್ಟರು. ನನಗೆ ಅತ್ತ ದರಿ, ಇತ್ತ ಪುಲಿ. ಕಡಿದರೆ ಅವರಿಗೆ ನೋವು, ಉಳಿಸಿದರೆ ಇವರಿಗೆ.

"ಮಲಗಿರೋರ ಮಾತು ಕೇಳು," ಎಂದರು ನನ್ನ ಗಂಡ. ಕೇಳಿದೆ. ಆದರೆ ಆ ಅಕ್ಕನನ್ನು ಕಳೆದುಕೊಂಡೆನೆಂಬ ಸಂಕಟ ಹೋಗಲಿಲ್ಲ.

ಯಜಮಾನರು ತೀರಿಕೊಂಡ ದಿನ ಹೋಗಿ ಹೆಂಗಸರ ನಡುವೆ ಕೂತು ಬಂದೆ. ಕಾಕ್ ತಲೆಯೆತ್ತಲಿಲ್ಲ.

ಕೆಲವು ವಾರಗಳ ಮೇಲೆ ಅವರು ಬೇಲಿಯ ಬಳಿ ಬಂದು ಒಂದು ಕೊಂಬೆ ಕೇಳಿದರು. ಕಡಿದು ಕೊಟ್ಟೆ. ಹಾಲು ಆರುವವರೆಗೆ ನೆರಳಲ್ಲಿಡಿ, ಆಮೇಲೆ ನೆಡಿ ಎಂದೆ.

"ನೀವೇ ಬಂದು ನೆಡಿ ಟೀಚರ್. ನನ್ ಕೈಲಿ ಆಗಲ್ಲ. ನೆಟ್ರೆ, ಅವ್ರು ಹೋದ್ರು ಅಂತ ಒಪ್ಪಿಕೊಂಡ ಹಾಗೆ."

ಕೊಂಬೆಯ ಹಾಲು ಆರಿದ ಮೇಲೆ ಇಬ್ಬರೂ ಯಜಮಾನರ ಗೋರಿಯ ಬಳಿ ಹೋದೆವು. ಗುಂಡಿ ನಾನು ತೋಡಿದೆ. ಮಣ್ಣು ಮುಚ್ಚಿ ಮುಗಿಸಿದರೂ ಕಾಕ್ ಕೊಂಬೆಯಿಂದ ಕೈ ತೆಗೆಯಲಿಲ್ಲ.