ವಿಳಾಸ ಎಲ್ಲಿಗೆ ಮುಗಿಯುತ್ತದೆ

ಜ್ಯೋತ್ಸ್ನಕ್ಕನ ಹತ್ತೊಂಬತ್ತು ವರ್ಷಗಳ ಕೆಲಸ ಏನೆಂದು ಹೇಳಿದರೆ ಯಾರಿಗಾದರೂ ನಗು ಬರಬೇಕು. ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೆ ಬಂದು ಬೀಳುವ ಮಾಹಿತಿಯ ಪ್ಯಾಕೆಟ್ಟುಗಳ ವಿಳಾಸವನ್ನು ಒಂದು ಕಡೆ, ಒಳಗಿನ ಸರಕನ್ನು ಇನ್ನೊಂದು ಕಡೆ ಇಡಿಸುವುದು. ವಿಳಾಸಕ್ಕೆ ನಾವು ಹೆಡರ್ ಎನ್ನುತ್ತೇವೆ. ಅದು ಬೇರೆಯಾಗಿದ್ದರೆ ಸರಕನ್ನು ಮುಟ್ಟದೆಯೇ ಕೆಲಸ ಬೇಗ ಸಾಗುತ್ತದೆ. ಇಷ್ಟಕ್ಕಾಗಿ ಅವರು ಚೆಂಬೂರಿನಿಂದ ವಿಕ್ರೋಳಿಗೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಾರೆ. ಅವರು ಗಟ್ಟಿಯಾಗಿ ನಕ್ಕಿದ್ದನ್ನು ನಾನಂತೂ ಕಂಡಿಲ್ಲ.

ಅದೇ ತಂಡದಲ್ಲಿ ನಾನು ಹೊಸಬಳು. ಶುಕ್ರವಾರ ನನ್ನ ಆರು ತಿಂಗಳ ಪ್ರೊಬೇಶನ್ ಮುಗಿಯಬೇಕಿತ್ತು. ಬುಧವಾರ ಗಿರಾಕಿಯೊಬ್ಬರಿಂದ ದೂರು ಬಂತು. ಅವರ ಫೈಲುಗಳೊಳಗೆ ಕಸ ಸೇರುತ್ತಿತ್ತು. ಉದ್ದದ ವಿಳಾಸವಿರುವ ಪ್ಯಾಕೆಟ್ ಬಂದಾಗ ವಿಳಾಸದ ತುದಿ ಸರಕಿನೊಳಗೆ ಬೀಳುತ್ತಿತ್ತು. ಮ್ಯಾನೇಜರ್ ಪ್ರೀತಮ್, ವಿಳಾಸವನ್ನು ಬೇರ್ಪಡಿಸುವ ಕೋಡಿನ ಸಾಲನ್ನು ಕೊನೆಗೆ ಮುಟ್ಟಿದವರು ಯಾರೆಂದು ದಾಖಲೆ ತೆರೆದರು. ಯಕ್ಷಿತಾ ಎಂದಿತ್ತು, ಅಂದರೆ ನಾನು. ನಾನು ಮಾಡಿದ್ದು ಆ ಸಾಲನ್ನು ನಾಲ್ಕು ಜಾಗ ಬಲಕ್ಕೆ ಸರಿಸಿ ಅಂದ ಮಾಡಿದ್ದು, ಅಷ್ಟೇ. ಆದರೆ ದಾಖಲೆ ಕೊನೆಗೆ ಮುಟ್ಟಿದವರ ಹೆಸರನ್ನೇ ಮೊದಲು ತೋರಿಸುತ್ತದೆ, ಹಿಂದಿನದನ್ನು ತೆರೆದು ನೋಡುವಷ್ಟು ತಾಳ್ಮೆ ಪ್ರೀತಮ್‌ಗಿಲ್ಲ.

"ನಿನ್ನ ಪ್ರೊಬೇಶನ್‌ದು ಫ್ರೈಡೇ ದೇಖೇಂಗೆ," ಎಂದರು, ಶುಕ್ರವಾರ ನೋಡೋಣ ಎಂಬಂತೆ. ನಾನು ನನ್ನ ಮೇಜಿಗೆ ಹೋಗಿ, ಪರದೆಯ ಹಿಂದೆ ಮುಖ ಮರೆಸಿಕೊಂಡು ಅತ್ತೆ.

ಗುರುವಾರ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಜ್ಯೋತ್ಸ್ನಕ್ಕ ನನ್ನೆದುರು ಬಂದು ಕುಳಿತರು.

"ಆ ಸಾಲು ನನ್ನದು ಮಾರಾಯ್ತಿ. ಆರು ವರ್ಷದ ಹಿಂದಿನದು. ಹೆಡರ್ ಎಲ್ಲಿಗೆ ಮುಗೀತದೆ ಅಂತ ಪ್ರತಿ ಪ್ಯಾಕೆಟಲ್ಲೂ ಓದಿ ನೋಡ್ಬೇಕಿತ್ತು. ನಾನು ಎಲ್ಲದಕ್ಕೂ ಒಂದೇ ಅಳತೆ ಹಾಕಿದೆ. ಅಪ್ಪ ಆಗ ಐಸಿಯುದಲ್ಲಿದ್ರು. ಆಮೇಲೆ ಸರಿ ಮಾಡುವ ಅಂತ ಇತ್ತು."

"ಆಮೇಲೆ?"

"ಆಮೇಲೆ ಎಂಥ. ಮರ್ತೇ ಹೋಯ್ತು."

ಅವರ ಅಪ್ಪ ಅಣ್ಣು, ಸಯನ್ ಬಡಾವಣೆಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ಸಪ್ಲೈಯರ್ ಆಗಿದ್ದವರು, ಈಗ ಹಾಸಿಗೆ ಹಿಡಿದಿದ್ದಾರೆ. ಅವರನ್ನು ನೋಡಿಕೊಳ್ಳಲು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಅಕ್ಕ ಅರ್ಜಿ ಕೊಟ್ಟಿದ್ದರು. ಪ್ರೀತಮ್ ಒಪ್ಪಿಗೆ ಕೊಡುವುದೊಂದೇ ಬಾಕಿ ಇತ್ತು. ಇದು ನನಗೂ ಗೊತ್ತಿತ್ತು. ಆದರೂ, ಇದನ್ನು ಪ್ರೀತಮ್‌ಗೆ ಹೇಳಬೇಡಿ ಅಕ್ಕ ಎನ್ನಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಊಟ ಮುಗಿಸಿ ಅವರು ಇಡೀ ತಂಡಕ್ಕೆ ಮೇಲ್ ಕಳಿಸಿದರು. ತಪ್ಪು ನನ್ನದು, ಯಕ್ಷಿತಾಳದಲ್ಲ ಎಂದು ಎರಡೇ ಸಾಲು.

ಶುಕ್ರವಾರ ನನ್ನ ಕೆಲಸ ಖಾಯಂ ಆಯಿತು. ಅವರ ಅರ್ಜಿ, ಸದ್ಯಕ್ಕೆ ಆಫೀಸಿನಲ್ಲೇ ಇರುವುದು ಒಳ್ಳೆಯದು ಎಂಬ ಉತ್ತರ ಹೊತ್ತು ವಾಪಸು ಬಂತು. ಸಂಜೆ ಬಸ್‌ಸ್ಟಾಪಿನಲ್ಲಿ ಅವರ ಪಕ್ಕ ನಿಂತೆ.

"ಅಕ್ಕ, ನೀವು ಸುಮ್ಮನಿರಬಹುದಿತ್ತು."

"ಇದ್ದೆನಲ್ಲ, ಬುಧವಾರ ಇಡೀ ದಿನ," ಎಂದರು ಬಸ್ಸಿನ ನಂಬರು ನೋಡುತ್ತ. "ನೀನು ಅಳೋದು ಕಾಣ್ತಿತ್ತು. ಆದ್ರೂ ಸುಮ್ಮನೇ ಇದ್ದೆ."