ಕುಂಟದ ದೈತ್ಯ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೋಟೆಯ ಉಗ್ರಾಣದ ಹಿಂದಿನ ಅಂಗಳದಲ್ಲಿ ದೈತ್ಯನೊಬ್ಬ ಅತ್ತಿಂದಿತ್ತ ನಡೆದಾಡುತ್ತಿದ್ದಾನೆ. ಎತ್ತರ ಎರಡಾಳಿಗೂ ಹೆಚ್ಚು. ಮೈತುಂಬ ಗೋಣಿತಟ್ಟಿನ ಚರ್ಮ, ಅದರೊಳಗೆ ಹುಲ್ಲು, ಮೊಣಕೈಯಿಂದಾಚೆಗೆ ಮರದ ತೋಳು. ಗೋಡೆಯ ಬುಡದಲ್ಲಿ ಬುಟ್ಟಿ ಮಗುಚಿ ಹಾಕಿಕೊಂಡು ಕೂತ ಹೆಂಗಸೊಬ್ಬರು ದಬ್ಬಣದಿಂದ ಗೋಣಿ ಹೊಲಿಯುತ್ತಿದ್ದಾರೆ. ದೈತ್ಯನ ಹೆಜ್ಜೆ ಸದ್ದು: ಟಕ್, ಟಕ್, ಟಕ್, ಸರ್ರ್.

"ಎಳೀತು," ಎನ್ನುತ್ತಾರೆ ಹೆಂಗಸು, ತಲೆ ಎತ್ತದೆ.

ದೈತ್ಯ ನಿಟ್ಟುಸಿರು ಬಿಟ್ಟು ಅಂಗಳದ ಆ ತುದಿಯಿಂದ ಮತ್ತೆ ಶುರು ಮಾಡುತ್ತಾನೆ.

ಕೋಟೆಯಲ್ಲಿ ಎಲ್ಲರೂ ಈ ದೈತ್ಯನನ್ನು ಮರಗಾಲಣ್ಣ ಎನ್ನುತ್ತಾರೆ. ದಬ್ಬಣ ಹಿಡಿದವರು ಅವರ ಹೆಂಡತಿ. ಬೆಟ್ಟದಾಚೆಯ ದೈತ್ಯರು ಇತ್ತ ಕಾಲಿಡದಂತೆ ಗಡಿ ಕಾಯುವ ಪಡೆಗೆ ಹೊಸದಾಗಿ ಸೇರಿದವರು ಕಾಳಗ ಕಲಿಯುವುದು ಮರಗಾಲಣ್ಣನ ಮೇಲೆಯೇ. ಮರಗಾಲು ಕಟ್ಟಿ, ಗೋಣಿ ತೊಟ್ಟು ಮೈದಾನಕ್ಕಿಳಿಯುತ್ತಾರೆ, ಘರ್ಜಿಸುತ್ತಾರೆ. ಹೊಸಬರು ಕಾಲಿಗೆ ಹಗ್ಗ ಹಾಕಿ ಎಳೆಯುತ್ತಾರೆ. ಇವರು ಹುಲ್ಲಿನ ರಾಶಿಯ ಮೇಲೆ ದೊಪ್ಪೆಂದು ಬೀಳುತ್ತಾರೆ. ದಿನಕ್ಕೆ ಇಪ್ಪತ್ತು ಸಲ ಬಿದ್ದರೆ ಅದು ಹಗುರಾದ ದಿನ. ಎಲೆಮರೆಯ ಕಾಯಿ ಎನ್ನೋಣವೆಂದರೆ ಕೋಟೆಯ ಯಾವ ಮೂಲೆಯಿಂದ ನೋಡಿದರೂ ಕಾಣುವ ಆಳು! ಆದರೂ ಇಷ್ಟು ವರ್ಷಗಳಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಪಡೆಯ ಕವಾಯತಿನಲ್ಲಿ ಅಡುಗೆಯವರಿಗೂ ಒಂದು ಸಾಲಿದೆ, ಇವರಿಗಿಲ್ಲ.

"ನಾನು ಶತ್ರು ಕಡೆಯವನಲ್ವಾ," ಎಂದು ನಗುತ್ತಾರೆ.

ಮೂಲತಃ ಅವರು ಗಾರೆ ಕೆಲಸದವರು. ಮರಗಾಲಿನ ಮೇಲೆ ನಿಂತು ಚಾವಣಿಗೆ ಗಾರೆ ಮೆತ್ತಲು ಕೋಟೆಗೆ ಬಂದಿದ್ದರು. ಆಗಿನ ದಳಪತಿ ಒಂದು ಗಳಿಗೆ ನೋಡಿ, "ಆ ಕರಣೆ ಕೆಳಗಿಟ್ಟು ಸ್ವಲ್ಪ ಕೂಗು, ನೋಡೋಣ" ಅಂದರಂತೆ. ಕೂಗಿದರು. ಪಕ್ಕದಲ್ಲಿ ನೀರು ಹೊರುತ್ತಿದ್ದ ಇಬ್ಬರು ಕೊಡ ಬಿಟ್ಟು ಓಡಿದರು. ಅಲ್ಲಿಗೆ ಗಾರೆ ಕೆಲಸ ಮುಗಿಯಿತು, ಆ ಚಾವಣಿ ಇವತ್ತಿಗೂ ಅರ್ಧ ಬೋಳಾಗಿಯೇ ಇದೆ.

"ಬೀಳೋದು ಅಂದ್ರೆ ಹುಡುಗಾಟ ಅಲ್ಲ," ಎನ್ನುತ್ತಾರೆ ಮರಗಾಲಣ್ಣ. "ಹಗ್ಗ ಸರಿಯಾಗಿ ಬಿದ್ರೆ ಮಾತ್ರ ಬೀಳ್ಬೇಕು. ಪಾಪ, ಹೊಸಬ್ರು ಅಂತ ಬಿದ್ದುಬಿಟ್ರೆ ಅವ್ರು ತಪ್ಪು ಕಲ್ತುಬಿಡ್ತಾರೆ."

ಇಷ್ಟು ಎಚ್ಚರದ ಮನುಷ್ಯನಿಂದಲೇ ಹೊಸಬರು ದೊಡ್ಡ ತಪ್ಪೊಂದನ್ನು ಕಲಿತುಬಿಟ್ಟದ್ದು ವಿಧಿಯ ಕುಚೋದ್ಯ. ಒಂಬತ್ತು ವರ್ಷದ ಹಿಂದೆ ಯಾರೋ ಹುಲ್ಲು ಹಾಸಲು ಮರೆತ ದಿನ ಬರೀ ನೆಲಕ್ಕೆ ಬಿದ್ದು ಅವರ ಎಡ ಮಂಡಿ ಮುರಿಯಿತು. ಕೂಡಿಕೊಂಡರೂ ಕಾಲು ಎಳೆಯುವುದು ನಿಲ್ಲಲಿಲ್ಲ. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ದೈತ್ಯರನ್ನು ಹತ್ತಿರದಿಂದ ಕಂಡವರೇ ಕಡಿಮೆ. ಕಂಡವರಲ್ಲಿ ಬಂದು ಹೇಳಿದವರು ಇನ್ನೂ ಕಡಿಮೆ. ಹೀಗಾಗಿ ಹೊಸಬರಿಗೆ ಗೊತ್ತಿದ್ದ ಏಕೈಕ ದೈತ್ಯ ಕುಂಟುವ ದೈತ್ಯ. ಬರಬರುತ್ತ ಕಲಿಸುವವರೂ "ಎಡಗಾಲು ಎಳೆಯೋ ತನಕ ಕಾಯಿರಿ, ಎಳೆದ ತಕ್ಷಣ ಹಗ್ಗ!" ಎಂದು ಕೂಗತೊಡಗಿದರು. ಸುಳ್ಳು ಹೇಳಿದವರು ಯಾರೂ ಇಲ್ಲ, ಆದರೆ ಇಡೀ ಪಡೆ ಅದನ್ನು ನಂಬಿತು.

ಹೋದ ಚಳಿಗಾಲಕ್ಕೆ ಮೊದಲು ಕಣಿವೆಯಲ್ಲಿ ನಿಜವಾದ ದೈತ್ಯ ಕಾಣಿಸಿತು. ಮರಗಾಲಣ್ಣನ ಹಳೆಯ ಶಿಷ್ಯ, ಈಗ ದಫೇದಾರ, ಹಗ್ಗ ಹಿಡಿದು ಕಾಯುತ್ತ ನಿಂತ. ಕಾಯುತ್ತಲೇ ಇದ್ದ. ಅವನನ್ನು ಚಾಪೆಯಲ್ಲಿ ಸುತ್ತಿ ಹೊತ್ತು ತಂದರು. ಸೊಂಟ ಮುರಿದಿತ್ತು, ಪ್ರಾಣ ಉಳಿದಿತ್ತು. ನೋಡಲು ಹೋದ ಮರಗಾಲಣ್ಣನ ಕೈ ಹಿಡಿದು ಅವನು ಹೇಳಿದ್ದು ಒಂದೇ ಮಾತು: "ಅಣ್ಣಾ, ಅದು ಕುಂಟ್ಲೇ ಇಲ್ಲ ಅಣ್ಣಾ."

"ಬೈದಿದ್ರೆ ತಡ್ಕೋತಿದ್ದೆ," ಎನ್ನುತ್ತಾರೆ ಮರಗಾಲಣ್ಣ. "ಬೈಲಿಲ್ಲ ಅವ್ನು. ಆಶ್ಚರ್ಯ ಪಟ್ಕೊಂಡು ಹೇಳ್ದ."

ಅವರು ದಿನಾ ಹೋಗಿ ಅವನನ್ನು ಕೆದಕಿ ಕೆದಕಿ ಕೇಳಿದರು. ಹೇಗೆ ನಿಂತಿತ್ತು? ಯಾವ ಕಾಲು ಮುಂದೆ? ದನಿ ಹೇಗೆ? ದನಿಯೇ ಇರಲಿಲ್ಲವಂತೆ. ಏನನ್ನೋ ಕಳೆದುಕೊಂಡವರ ಹಾಗೆ ನೆಲ ನೋಡುತ್ತ ನಿಂತಿತ್ತು, ಆಮೇಲೆ ತಟ್ಟನೆ ತಿರುಗಿತು, ಅಷ್ಟೇ.

ಬೇರೆಯವರನ್ನು ಮರಗಾಲು ಹತ್ತಿಸೋಣ, ನೀವು ವಿಶ್ರಾಂತಿ ತಗೊಳ್ಳಿ ಎಂದು ಈಗಿನ ದಳಪತಿ ಹೇಳಿಯೂ ಹೇಳಿದರು. ಆದರೆ ಬೀಳಲು ಕಲಿಯುವುದಕ್ಕೇ ಎರಡು ವರ್ಷ ಬೇಕು, ಈಗಿನ ತಂಡ ಕಣಿವೆಗೆ ಹೊರಡುವುದು ಮುಂದಿನ ವಾರ. ಆ ತಂಡದಲ್ಲಿ ಅವರ ಒಬ್ಬಳೇ ಮಗಳಿದ್ದಾಳೆ.

ತಂಡಕ್ಕೆಲ್ಲ ಅವಳೇ ಮುಂದು. ಒಂದು ದಿನವೂ ಸೋತಿಲ್ಲ. ದಳಪತಿ ಬಾಯ್ತುಂಬ ಹೊಗಳುತ್ತಾರೆ, ಜೊತೆಯವರು ಹೊಟ್ಟೆ ಉರಿದುಕೊಳ್ಳುತ್ತಾರೆ. ಅಪ್ಪನಿಗೆ ಮಾತ್ರ ಅವಳು ಗೆದ್ದಷ್ಟೂ ಎದೆ ಡವಗುಟ್ಟುತ್ತದೆ. ಅಂಬೆಗಾಲಿನ ವಯಸ್ಸಿನಿಂದ ಅವರ ಭುಜ, ಸೊಂಟ, ಉಸಿರು ನೋಡಿ ಬೆಳೆದ ಮಗು ಅದು. ಅವರು ಹೆಜ್ಜೆ ಎತ್ತುವ ಮೊದಲೇ ಎಲ್ಲಿ ಇಡುತ್ತಾರೆಂದು ಅವಳಿಗೆ ಗೊತ್ತು. ದೈತ್ಯ ಕುಂಟುವುದಿಲ್ಲ ಎಂದು ಬಾಯಲ್ಲಿ ಹೇಳಿದ್ದಾಯಿತು, ಅವಳ ಕೈಗೆ ಮಾತ್ರ ಆ ಎಳೆತವೇ ರೂಢಿ.

"ಅವ್ಳು ಗೆಲ್ತಿರೋದು ದೈತ್ಯನ್ನಲ್ಲ, ಅಪ್ಪನ್ನ," ಎನ್ನುತ್ತಾರೆ. "ಆ ಕಣಿವೇಲಿ ಅಪ್ಪ ಇರ್ತಾನಾ?"

ಅದಕ್ಕೇ ಒಂದು ತಿಂಗಳಿಂದ, ಮಗಳು ಏಳುವ ಮೊದಲು, ಈ ಕದ್ದುಮುಚ್ಚಿ ನಡೆಯುವ ಅಭ್ಯಾಸ. ಕಾಲು ಎಳೆದದ್ದು ನಡೆಯುವವರಿಗೆ ತಿಳಿಯುವುದಿಲ್ಲ, ಹೆಂಡತಿಯ ಕಿವಿಗೆ ತಪ್ಪುವುದಿಲ್ಲ. "ನಾಯಿ ಬಾಲಾನಾದ್ರೂ ನೆಟ್ಟಗಾದೀತು, ಇವ್ರ ಕಾಲು ಆಗಲ್ಲ ಅಂದ್ಕೊಂಡಿದ್ದೆ," ಎನ್ನುತ್ತಾರೆ ಅವರು. "ರಾತ್ರಿ ಮಂಡಿ ಊದಿ ಕುಂಬಳಕಾಯಿ ಆಗಿರುತ್ತೆ. ಬೆಳಗಾದ್ರೆ ಮತ್ತೆ ಎದ್ದು ಬರ್ತಾರೆ. ಹಟ."

ಇವತ್ತು ಟಕ್, ಟಕ್ ಎಂಬ ಸದ್ದು ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಹೋಗಿ ಬರುತ್ತದೆ. ದಬ್ಬಣ ನಿಲ್ಲುತ್ತದೆ. "ಎಳೀಲಿಲ್ಲ," ಎನ್ನುತ್ತಾರೆ ಹೆಂಡತಿ. ಗಂಡನ ಮುಖ ನೋಡುವುದಿಲ್ಲ. ಮರಗಾಲಣ್ಣ ಹಾಗೆಯೇ ತಿರುಗಿ ಮೈದಾನಕ್ಕೆ ಹೊರಡುತ್ತಾರೆ.

ಮಗಳು ಹಗ್ಗ ಬೀಸುತ್ತ ನಗುನಗುತ್ತಲೇ ಬರುತ್ತಾಳೆ. ಎಂದಿನಂತೆ ಎಡಗಡೆಗೆ ಓಡಿ ಕಾಯುತ್ತ ನಿಲ್ಲುತ್ತಾಳೆ. ದೈತ್ಯ ಘರ್ಜಿಸುವುದಿಲ್ಲ. ತಲೆ ಬಗ್ಗಿಸಿ ನೆಲ ನೋಡುತ್ತ ನಿಂತಿದೆ. ಅವಳ ನಗು ಸಣ್ಣಗಾಗುತ್ತದೆ. "ಅಪ್ಪಾ?" ಎನ್ನುತ್ತಾಳೆ. ದೈತ್ಯ ತಟ್ಟನೆ ತಿರುಗುತ್ತದೆ. ಒಂದು ಹೆಜ್ಜೆ, ಎರಡು ಹೆಜ್ಜೆ, ಎರಡೂ ನೆಟ್ಟಗೆ. ಹಗ್ಗ ಕೈಯಲ್ಲೇ ಉಳಿಯುತ್ತದೆ. ಮರದ ತೋಳು ಬಂದು ಅವಳನ್ನು ಹುಲ್ಲಿಗೆ ಒತ್ತಿ ಹಿಡಿಯುತ್ತದೆ. ದಳಪತಿ ಎರಡು ಸಲ ಸೀಟಿ ಊದಿದ ಮೇಲೆಯೇ ತೋಳು ಮೇಲೇಳುತ್ತದೆ.

ಮಧ್ಯಾಹ್ನದ ಊಟಕ್ಕೆ ಮಗಳು ಅಪ್ಪನ ಪಕ್ಕ ಕೂರುವುದಿಲ್ಲ. ಅಮ್ಮನ ಆಚೆಬದಿಗೆ ಕೂತು ತಟ್ಟೆ ಕೆದಕುತ್ತಾಳೆ. "ಗೋಣಿ ಒಳಗೆ ಬೇರೆ ಯಾರೋ ಇದಾರೆ ಅನ್ನಿಸ್ತು," ಎನ್ನುತ್ತಾಳೆ ಕೊನೆಗೆ. "ಅಪ್ಪ ಅಂತ ಕರೆದೆ. ಓ ಅನ್ಬಾರ್ದಾ?" ಉತ್ತರಕ್ಕೆ ಕಾಯದೆ ಹಗ್ಗ ಎತ್ತಿಕೊಂಡು ಒಬ್ಬಳೇ ಮೈದಾನಕ್ಕೆ ಹೋಗುತ್ತಾಳೆ. ಈ ಸಲ ಬಲಗಡೆಯಿಂದ ಬೀಸಿ ನೋಡುತ್ತಾಳೆ.

ಮರಗಾಲಣ್ಣ ಊದಿದ ಮಂಡಿಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತ ಕಿಟಕಿಯಿಂದ ಅವಳನ್ನೇ ನೋಡುತ್ತಿದ್ದಾರೆ. ಎತ್ತಿ ಆಡಿಸಿದ ಮಗಳು ಹೀಗೆ ದೂರ ಸರಿದರೆ ಯಾವ ಅಪ್ಪನಿಗೆ ಸಂಕಟವಾಗುವುದಿಲ್ಲ? ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಇದೆ ಎಂದು ಕೂಡಲೇ ಹೇಳುತ್ತಾರೆ.

"ಹೊರಡೋ ತನಕ ನನ್ನ ಕಂಡ್ರೆ ಹೆದರ್ಲಿ. ಆಮೇಲೆ ವಾಪಸ್ ಬಂದು ಬೈಲಿ. ಎಷ್ಟು ದಿನ ಬೇಕಾದ್ರೂ ಬೈಲಿ."