ಈಚಲು ಮರಕ್ಕೆ ಲಂಗ ತೊಡಿಸುವ ಮೊಮೆನಾ

ಗದ್ದೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಈಚಲು ಮರದ ನೆತ್ತಿಯಲ್ಲಿ ಸೊಂಟಕ್ಕೆ ಹಗ್ಗ ಬಿಗಿದು ನಿಂತ ಮೊತಾಲೆಬ್, ರಾತ್ರಿಯಿಡೀ ತೊಟ್ಟಿಕ್ಕಿ ತುಂಬಿದ ರಸದ ಗಡಿಗೆಯನ್ನು ಹಗ್ಗದಲ್ಲಿ ಕೆಳಗೆ ಬಿಡುತ್ತಾನೆ. ಬುಡದಲ್ಲಿ ಶಾಲು ಹೊದ್ದು ನಿಂತ ಮೊಮೆನಾ ಖಾತುನ್ ಗಡಿಗೆಯತ್ತ ತಿರುಗಿಯೂ ನೋಡುವುದಿಲ್ಲ. ಅದರ ಹಿಂದೆಯೇ ಇಳಿದುಬರುವ ಬಿದಿರಿನ ತಟ್ಟಿಗೆ ಕೈಚಾಚುತ್ತಾರೆ. ಬೆಳಕಿಗೆ ಹಿಡಿದು ಒಳಗೂ ಹೊರಗೂ ಬೆರಳಾಡಿಸುತ್ತಾರೆ. ಹೊರಮೈಗೆ ಬಾವಲಿಯ ಹಿಕ್ಕೆ ಅಂಟಿದೆ. ಒಳಮೈ ಶುಭ್ರವಾಗಿದೆ.

"ಬಂದಿತ್ತು. ಒಳಗೆ ಹೋಗೋಕಾಗಿಲ್ಲ" ಎನ್ನುತ್ತಾರೆ.

"ಬೀಗ ನೋಡ್ಕೊಂಡು ವಾಪಸ್ ಹೋಗಿದೆ ಬಿಡು, ಬುಬು" ಎಂದು ಮೇಲಿನಿಂದ ಮೊತಾಲೆಬ್ ನಗುತ್ತಾನೆ. ತನಗಿಂತ ಹಿರಿಯಳಾದ ಆಕೆಯನ್ನು ಅವನು ಕರೆಯುವುದೇ ಹಾಗೆ, ಅಕ್ಕ ಎಂದು.

ಪದ್ಮಾ ನದಿಯಿಂದ ಅರ್ಧ ದಿನದ ದಾರಿಯಲ್ಲಿರುವ ಶಿಮುಲ್‌ಕಾಂದಿಯಲ್ಲಿ ಚಳಿಗಾಲವೆಂದರೆ ಈಚಲ ರಸ. ಸಂಜೆ ಮರದ ಕತ್ತು ಕೆತ್ತಿ ಗಡಿಗೆ ಕಟ್ಟಿದರೆ ಬೆಳಗ್ಗೆ ಜೇನಿನಂಥ ರಸ, ಮಂಡಕ್ಕಿಯ ಜೊತೆ ಒಂದು ಲೋಟ. ಆದರೆ ಆ ಕೆತ್ತಿದ ಜಾಗ ಇರುಳಿನಲ್ಲಿ ಬಾವಲಿಗೂ ಬೇಕು. ಅದು ನೆಕ್ಕಿದ ಎಂಜಲು, ಉಚ್ಚೆ ಗಡಿಗೆಗೆ ಇಳಿದರೆ ಒಮ್ಮೊಮ್ಮೆ ಅದರ ಜೊತೆ ನಿಪಾ ಜ್ವರವೂ ಇಳಿಯುತ್ತದೆ. ಮೊಮೆನಾ ಹೆಣೆಯುವುದು ಅದಕ್ಕೆ ಅಡ್ಡ ಕಟ್ಟುವ ತಟ್ಟಿ. ಕೆತ್ತಿದ ಗಾಯದಿಂದ ಗಡಿಗೆಯ ಬಾಯಿಯವರೆಗೆ ಮರಕ್ಕೆ ಸುತ್ತಿ ಕಟ್ಟುವ ಇದನ್ನು ಇಲ್ಲಿ 'ಬಾನಾ' ಎನ್ನುತ್ತಾರೆ. ಊರಿನ ಹುಡುಗಿಯರ ಬಾಯಲ್ಲಿ ಅದು ಮರದ ಲಂಗ.

ಮೊಮೆನಾರ ಗಂಡ ಇಯಾಕುಬ್ ಕೂಡ ರಸ ಇಳಿಸುತ್ತಿದ್ದವನೇ. ಇಪ್ಪತ್ತು ಚಳಿಗಾಲಗಳ ಹಿಂದೆ ಒಂದು ಬೆಳಗ್ಗೆ ತಲೆ ಸಿಡಿಯುತ್ತಿದೆ ಎಂದು ಮಲಗಿದವನು, ಸಂಜೆಯ ಹೊತ್ತಿಗೆ ಹೆಂಡತಿಯ ಗುರುತು ಹಿಡಿಯದಾದ. ಊರು ಊರೇ ಬಂದು ಮಂಚದ ಸುತ್ತ ಕೂತಿತು. ಅವನ ತಾಯಿ ಬಾಯಿಯ ನೊರೆಯನ್ನು ಸೆರಗಿನಿಂದ ಒರೆಸಿದರು, ಅವನು ಬಿಟ್ಟ ಗಂಜಿಯನ್ನು ಎಸೆಯಲು ಮನಸ್ಸಾಗದೆ ತಾವೇ ಕುಡಿದರು. ಮಗನ ಮಣ್ಣಾದ ಮುಂದಿನ ವಾರ ತಾಯಿಯದೂ ಆಯಿತು, ಆಮೇಲೆ ಹೆಣ ತೊಳೆದ ಚಿಕ್ಕಪ್ಪನದು.

"ಆಗ ಯಾರಿಗೂ ಏನೂ ಗೊತ್ತಿರ್ಲಿಲ್ಲ. ಜಿನ್ ಹಿಡೀತು ಅಂದ್ರು. ನನ್ನ ಮನೆ ಮುಂದೆ ಹಾದು ಹೋಗೋವಾಗ ಉಗಿದು ಹೋಗೋರು. ಅಂಗಡೀಲಿ ಉಪ್ಪು ಕೊಡೋರು, ಕೈಗೆ ಕೊಡ್ತಿರ್ಲಿಲ್ಲ, ನೆಲದ ಮೇಲೆ ಇಡೋರು" ಎನ್ನುತ್ತಾರೆ ಮೊಮೆನಾ. ಹೇಳುವಾಗಲೂ ಕತ್ತಿ ನಿಲ್ಲುವುದಿಲ್ಲ, ಬಿದಿರು ಸೀಳುತ್ತಲೇ ಇರುತ್ತದೆ.

ರೋಗದ ಮೂಲ ಹುಡುಕಿಕೊಂಡು ಪಟ್ಟಣದಿಂದ ಬಂದ ವೈದ್ಯರು ಬಾವಲಿಯ ಮಾತೆತ್ತಿದಾಗ ಆಕೆಗೆ ತವರಿನ ನೆನಪಾಯಿತು. ಅಲ್ಲಿ ಹಕ್ಕಿ ರಸ ಕೆಡಿಸಬಾರದೆಂದು ಅಜ್ಜ ಮರಕ್ಕೆ ತಟ್ಟಿ ಕಟ್ಟುತ್ತಿದ್ದ. ಮೊದಲ ತಟ್ಟಿ ಹೆಣೆದು ಹೊತ್ತುಕೊಂಡು ಹೋದಾಗ ರಸ ಇಳಿಸುವವರು ಬಿದ್ದು ಬಿದ್ದು ನಕ್ಕರು. "ಇವತ್ತು ಲಂಗ ತೊಡಿಸ್ತೀಯ, ನಾಳೆ ಮರಕ್ಕೆ ಗಂಡು ನೋಡ್ತೀಯಾ?" ಎಂದು ಒಬ್ಬ ಕೇಳಿದ್ದ. "ನೋಡ್ತೀನಿ. ನಿನಗಿಂತ ಒಳ್ಳೇದೇ ಸಿಗುತ್ತೆ" ಎಂದಿದ್ದರು ಈಕೆ. ನಗುತ್ತಲೇ ಒಬ್ಬ ಕಟ್ಟಿಸಿಕೊಂಡ. ಅವನ ರಸ ಕಸಕಡ್ಡಿಯಿಲ್ಲದೆ ತಿಳಿಯಾಗಿ ಬಂತು, ಬೆಲ್ಲ ಕೆಂಪಗೆ ಕೂತಿತು. ಜ್ವರದ ಭಯ ಮಾಡದ ಕೆಲಸವನ್ನು ಬೆಲ್ಲದ ಬಣ್ಣ ಮಾಡಿತು. ಈಗ ಸುತ್ತಲ ನಾಲ್ಕೈದು ಊರಿನ ಮರಗಳಿಗೆ ಇವರದೇ ತಟ್ಟಿ. ಹಬ್ಬದಂಥ ಪುಷ್ಯ ಮಾಸದಲ್ಲಿ ದಿನಕ್ಕೆ ಏಳೆಂಟು ಹೆಣೆದರೂ ಸಾಲುವುದಿಲ್ಲ. ಅಂಗೈ ತುಂಬ ಸಿಬಿರು ಚುಚ್ಚಿದ ಗುರುತುಗಳು.

ಇಷ್ಟಾದರೂ ಈ ಚಳಿಗಾಲ ಊರು ಒಮ್ಮೆ ಉಸಿರು ಬಿಗಿಹಿಡಿಯಿತು.

ಮೊತಾಲೆಬ್‌ನ ಮೊಮ್ಮಗಳು ಝುಮಾಗೆ ಜ್ವರ ಬಂತು, ಮಧ್ಯಾಹ್ನದ ಹೊತ್ತಿಗೆ ಏನೇನೋ ಬಡಬಡಿಸತೊಡಗಿದಳು. ಸುದ್ದಿ ಕೇಳಿದ ಮೊಮೆನಾ ಮೊದಲು ಓಡಿದ್ದು ಆ ಮನೆಯ ಹಿತ್ತಲಿಗೆ. ಮಾರುವ ರಸದ ಮರಗಳಿಗೆಲ್ಲ ತಟ್ಟಿ ಕಟ್ಟಿದ್ದ ಮೊತಾಲೆಬ್, ಹಿತ್ತಲ ಒಂಟಿ ಮರವನ್ನು ಮನೆಯವರಿಗೆ ತಾನೇ ಎಂದು ಹಾಗೇ ಬಿಟ್ಟಿದ್ದ. ಝುಮಾ ಬೆಳಗ್ಗೆ ಬೆಳಗ್ಗೆ ಕುಡಿಯುತ್ತಿದ್ದುದು ಆ ಮರದ ರಸವನ್ನೇ.

ಒಳಗೆ ಹೋದರೆ ಮೊತಾಲೆಬ್‌ನ ಹೆಂಡತಿ ಆಂಬಿಯಾ ಮೊಮ್ಮಗಳ ಕೆನ್ನೆಗೆ ಕೆನ್ನೆ ಒತ್ತಿ ಕೂತಿದ್ದಳು. ಪಕ್ಕದಲ್ಲಿ ಮಗು ತಿಂದು ಬಿಟ್ಟ ಅನ್ನದ ಬಟ್ಟಲು. ಬಾಗಿಲ ತುಂಬ ಜನ. ಮೊಮೆನಾ ಮೂಗು ಬಾಯಿಗೆ ಸೆರಗು ಬಿಗಿದುಕೊಂಡು ಎಲ್ಲರನ್ನೂ ಅಂಗಳಕ್ಕೆ ಅಟ್ಟಿದರು. ಬಟ್ಟಲಿನ ಅನ್ನವನ್ನು ಗುಂಡಿ ತೋಡಿ ಮುಚ್ಚಿದರು. ಆಂಬಿಯಾಳ ಮುಂದೆ ಸೋಪು, ನೀರು, ಒಂದು ಬಟ್ಟೆ ತಂದಿಟ್ಟರು.

"ಮುಖಕ್ಕೆ ಕಟ್ಕೋ. ಕೆನ್ನೆ ತೆಗಿ."

"ನಿನ್ನ ಎದೆ ಏನು ಕಲ್ಲಾ? ಕೂಸು ಸಾಯ್ತಾ ಇದೆ, ಅಳೋಕೂ ಬಿಡಲ್ವಾ?"

"ಅಳು. ಯಾರು ಬೇಡ ಅಂದ್ರು? ಬಟ್ಟೆ ಕಟ್ಕೊಂಡು ಅಳು. ಕೂಸನ್ನ ನೋಡ್ಕೊಳ್ಳೋಕೆ ನೀನು ಉಳೀಬೇಕಲ್ಲ."

ಸೈಕಲ್ ಗಾಡಿಯಲ್ಲಿ ಮಗುವನ್ನು ಜಿಲ್ಲಾ ಪಟ್ಟಣಕ್ಕೆ ಕರೆದೊಯ್ದಾಗ ಮೊಮೆನಾ ಅದರ ಕಾಲಬುಡದಲ್ಲೇ ಕೂತು ಹೋದರು. ಆಸ್ಪತ್ರೆಯವರು ಝುಮಾಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ರಕ್ತ ತೆಗೆದು ಢಾಕಾಕ್ಕೆ ಕಳಿಸಿದರು. ಆಂಬಿಯಾ ಮಗುವಿನ ಜೊತೆ ಉಳಿದಳು. ಊರಿಗೆ ಮರಳಿದ ಮೊಮೆನಾ ತಮ್ಮ ಗುಡಿಸಲಿನಲ್ಲೇ ಯಾರನ್ನೂ ಮುಟ್ಟದೆ ಉಳಿದರು, ಬೇಯಿಸಿದ್ದನ್ನು ಹಾಗೇ ಮುಚ್ಚಿಟ್ಟರು. ರಸ ಕೊಳ್ಳಲು ಯಾರೂ ಬರಲಿಲ್ಲ. ಮೊತಾಲೆಬ್ ಹಿತ್ತಲ ಮರದ ಬುಡದಲ್ಲಿ ಕೂತವನು ಎದ್ದೇ ಇರಲಿಲ್ಲವಂತೆ.

ಫೋನು ಬಂದದ್ದು ಅವನಿಗೇ. ಅದು ನಿಪಾ ಅಲ್ಲ. ಎದೆಯಲ್ಲಿ ಕಫ ಕಟ್ಟಿ ಏರಿದ ಜ್ವರ, ಔಷಧಿಗೆ ಬಗ್ಗುತ್ತಿದೆ, ಮಗು ಕಣ್ಣುಬಿಟ್ಟು ಮೀನುಸಾರು ಕೇಳುತ್ತಿದೆ. ಅವನು ಗದ್ದೆಯ ಅಡ್ಡಹಾದಿಯಲ್ಲಿ ಓಡುತ್ತ ಬಂದು ಮೊಮೆನಾರ ಬೇಲಿಯಾಚೆ ನಿಂತು, "ಅದಲ್ವಂತೆ ಬುಬು, ಅದಲ್ವಂತೆ" ಎಂದಷ್ಟೇ ಹೇಳಿದ. ಆಕೆ ಕತ್ತಿ ಕೆಳಗಿಟ್ಟರು. ಸ್ವಲ್ಪ ಹೊತ್ತು ನಕ್ಕರು. ಆಮೇಲೆ ತಂಗಳನ್ನಕ್ಕೆ ಹಸಿಮೆಣಸು ನುರಿದುಕೊಂಡು ಬಟ್ಟಲು ತುಂಬ ಉಂಡು, ಮಟಮಟ ಮಧ್ಯಾಹ್ನ ಗೊರಕೆ ಹೊಡೆಯುತ್ತ ಮಲಗಿದರು.

ಝುಮಾ ಈಗ ಅಂಗಳದಲ್ಲಿ ಕೋಳಿಗಳ ಹಿಂದೆ ಓಡುತ್ತಿದ್ದಾಳೆ. ಆಂಬಿಯಾ ಸಂಜೆ ಸಂಜೆ ಮೊಮೆನಾರ ಜಗಲಿಗೆ ಬಂದು ದಬ್ಬೆ ಸವರಲು ಕೂರುತ್ತಾಳೆ. "ಆವತ್ತು ಕಲ್ಲೆದೆಯವಳು ಅಂದುಬಿಟ್ಟೆ" ಎಂದು ನೆಲ ನೋಡುತ್ತಾಳೆ.

"ಇನ್ನೂ ಅನ್ನು. ಕೈ ಮಾತ್ರ ತೊಳ್ಕೋ" ಎನ್ನುತ್ತಾರೆ ಮೊಮೆನಾ.

ತಟ್ಟಿ ಕಟ್ಟಿದ ಮಾತ್ರಕ್ಕೆ ಭಯ ತಪ್ಪಿತೆಂದು ಅವರು ಯಾರಿಗೂ ಹೇಳುವುದಿಲ್ಲ. "ಕುದಿಸಿ ಕುಡೀರಿ, ಬೆಲ್ಲ ಮಾಡ್ಕೊಂಡು ತಿನ್ನಿ ಅಂತ ಬಡ್ಕೋತೀನಿ. ಕೇಳ್ತಾರಾ? ಚಳೀಲಿ ಹಸಿ ರಸ ಕಂಡ್ರೆ ಮುದುಕರೂ ಮಕ್ಕಳೇ. ಕೇಳದೇ ಇರೋರಿಗೋಸ್ಕರಾನೇ ಇದನ್ನ ಹೆಣೀತಿರೋದು."

ಇನ್ನೇನು ಬೇಕು ಎಂದು ಕೇಳಿದರೆ, ಮೊದಲು ಒಂದು ಒಳ್ಳೆಯ ಕತ್ತಿ ಎನ್ನುತ್ತಾರೆ. ಆಮೇಲೆ ಅಂಗಳದಲ್ಲಿ ಆಡುತ್ತಿರುವ ಮಕ್ಕಳತ್ತ ನೋಡಿ ಮೆಲ್ಲಗೆ ಸೇರಿಸುತ್ತಾರೆ: "ಮೊನ್ನೆ ಝುಮಾ ಕೇಳಿದ್ಳು, ಮರಕ್ಕೆ ಯಾಕಜ್ಜಿ ಲಂಗ ಅಂತ. ಮರಕ್ಕೆ ಚಳಿಯಮ್ಮಾ ಅಂದೆ. ನಂಬಿದ್ಳು. ಅವಳು ಮುದುಕಿ ಆಗೋವರೆಗೂ ಹಾಗೇ ನಂಬ್ಕೊಂಡಿರ್ಲಿ."